ಹರಳು, ಸೈಕಲ್ಲು ಮತ್ತು ಬೆನ್ನ ಮೇಲಿನ ನೀರು

ಸೈಕಲ್ ಮೇಲೆ ನೌಕರಿ ಮಾಡಿದವನಿಗೆ ನಗೆಪಾಟಲಿನ ಪ್ರಸಂಗಗಳ ಬರ ಎಂದೂ ಬಂದಿಲ್ಲ. ಅವು ನಡೆಯುವಾಗ ಅಳು ಬರುತ್ತದೆ, ಹತ್ತು ವರ್ಷ ಕಳೆದ ಮೇಲೆ ನಗು ಬರುತ್ತದೆ, ಅಷ್ಟೇ ವ್ಯತ್ಯಾಸ. ಮೊನ್ನೆ ಬೆಳಗಾವಿಯ ಸೈಕಲ್ ಅಂಗಡಿಯೊಂದರಲ್ಲಿ ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲ ಕಂಡೆ. ಅದರಿಂದ ಒಂದು ನಳಿಕೆ ಬಾಯಿಯವರೆಗೆ ಬರುತ್ತದೆ. ಸೈಕಲ್ ನಿಲ್ಲಿಸದೆ ಹೀರಬಹುದು. "ಹೊಸಾ ಐಟಂ ಐತ್ರಿ, ಅಜ್ಜಾರ" ಎಂದ ಅಂಗಡಿಯವನು. ನನಗೆ ನಗು ತಡೆಯಲಾಗಲಿಲ್ಲ. ಆ ಹೊಸಾ ಐಟಂ ಎಪ್ಪತ್ತರ ದಶಕದ ಕೊನೆಯಲ್ಲೇ ನನ್ನ ಬೆನ್ನೇರಿ ಖಾನಾಪುರದಿಂದ ನಂದಗಡಕ್ಕೆ ಓಡಾಡಿತ್ತು.

ಆಗ ನಾನು ಮಲೇರಿಯಾ ಕೆಲಸಗಾರ. ಖಾನಾಪುರದಲ್ಲಿ ಬಾಡಿಗೆ ಮನೆ. ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ರಕ್ತದ ಹನಿಯನ್ನು ಗಾಜಿಗೆ ಹಚ್ಚಿಕೊಂಡು ಬರುವುದು ನನ್ನ ಕೆಲಸ. ಅಷ್ಟು ಬೆರಳು ಚುಚ್ಚಿದ ಪಾಪಕ್ಕೋ ಏನೋ, ನನಗೆ ಮೂತ್ರಪಿಂಡದಲ್ಲಿ ಹರಳಾಯಿತು. ಬೆಳಗಾವಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ದಿನಾ ಒಂದು ಕೊಡಾ ನೀರು ಕುಡೀರಿ. ಮೂರು ತಿಂಗಳದಾಗ ಬಿದ್ದು ಹೋದ್ರ ಛಲೋ ಆತು. ಇಲ್ಲಂದ್ರ ಕೊಯ್ಯೂದ" ಎಂದರು. ಊರಿಗೆಲ್ಲ ಸೂಜಿ ಚುಚ್ಚುವವನಾದರೂ ಕೊಯ್ಯುವ ಮಾತು ಕೇಳಿ ಅವರ ಮೇಜಿನ ಮೇಲಿದ್ದ ಹೂಜಿಯ ನೀರನ್ನು ಅಲ್ಲೇ ಪೂರ್ತಿ ಕುಡಿದೆ.

೧. ನೀರು ಕೇಳಿದರೆ

ಹಳ್ಳಿಯಲ್ಲಿ ನೀರಿಗೇನು ಕಮ್ಮಿ, ಕೇಳಿ ಕುಡಿದರಾಯಿತು ಎಂದುಕೊಂಡೆ. ಆದರೆ ನಮ್ಮ ಕಡೆ ನೀರು ಕೇಳಿದವನಿಗೆ ಬರೀ ನೀರು ಕೊಟ್ಟರೆ ಮನೆತನದ ಮರ್ಯಾದೆ ಹೋಯಿತೆಂದೇ ಲೆಕ್ಕ. ಮೊದಲು ಬೆಲ್ಲ, ಅದರ ಜೊತೆ ಒಂದು ಗುಟುಕು ನೀರು, ಆಮೇಲೆ "ಕುಂದರ್ರಿ, ಚಾ ಇಟ್ಟೀನಿ." ಕುಡಿದು ಎದ್ದರೆ ಬಾಜು ಮನೆಯಾಕೆ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಅವರ ಮನ್ಯಾಗ ಕುಡದ್ರಿ. ನಮ್ಮ ಚಾದಾಗ ವಿಷಾ ಹಾಕೀವೇನ್ರಿ?"

ಮೊದಲ ವಾರ ದಿನಕ್ಕೆ ಎರಡು ತಂಬಿಗೆ ನೀರು, ಹನ್ನೊಂದು ಕಪ್ಪು ಚಹಾ. ಅರ್ಧ ಓಣಿಯೂ ಮುಗಿಯುತ್ತಿರಲಿಲ್ಲ. ಡಾಕ್ಟರಿಗೆ ನಿಜ ಹೇಳಿದೆ. ಅವರು ತಲೆ ಹಿಡಿದುಕೊಂಡರು. "ಇನ್ನ ಅದು ಬೀಳೂದಿಲ್ಲ ಬಿಡ್ರಿ. ಸಕ್ಕರಿ ರುಚಿ ಹತ್ತೇತಿ ಅದಕ್ಕ."

೨. ಮಿಲಿಟರಿ ಬಾಟ್ಲಿ

ಹಾಗಾಗಿ ನನ್ನ ನೀರು ನಾನೇ ಒಯ್ಯಬೇಕಾಯಿತು. ಥರ್ಮಾಸ್ ಕೊಳ್ಳುವ ತಾಕತ್ತು ನನ್ನ ಪಗಾರಕ್ಕಿರಲಿಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಮಿಲಿಟರಿಯವರ ಹಳೆಯ ಸಾಮಾನು ಮಾರುವ ಅಂಗಡಿಯಿತ್ತು. ಅಲ್ಲಿ ಖಾಕಿ ಬಟ್ಟೆ ಹೊದಿಸಿದ, ಹೆಗಲಿಗೆ ಹಾಕುವ ಪಟ್ಟಿಯಿದ್ದ ಒಂದು ಬಾಟ್ಲಿ ಅಗ್ಗಕ್ಕೆ ಸಿಕ್ಕಿತು. "ಏಕದಮ್ ಫಸ್ಟ್ ಕ್ಲಾಸ್ ಮಾಲ್ ಐತ್ರಿ, ಲಡಾಯಿ ನೋಡಿ ಬಂದದ್ದು" ಎಂದ ಅಂಗಡಿಯವನು.

ಲಡಾಯಿ ನೋಡಿತ್ತೋ ಇಲ್ಲವೋ, ರಮ್ಮನ್ನಂತೂ ಚೆನ್ನಾಗಿ ನೋಡಿತ್ತು. ಹುಣಸೆಹಣ್ಣು ಹಾಕಿ ತೊಳೆದೆ, ಬೂದಿ ಹಾಕಿ ತೊಳೆದೆ. ಜಪ್ಪಯ್ಯ ಅಂದರೂ ವಾಸನೆ ಹೋಗಲಿಲ್ಲ. ಒಂದು ಮಧ್ಯಾಹ್ನ ಗಿಡದ ಕೆಳಗೆ ಕುಡಿಯುತ್ತಿದ್ದಾಗ ನಮ್ಮ ಹೆಲ್ತ್ ಇನ್‌ಸ್ಪೆಕ್ಟರ್ ಸಾಹೇಬರೇ ಎದುರಿಗೆ ಬಂದು ನಿಂತರು. ಮೂಗು ಅರಳಿಸಿ, "ಏನ್ರಿ ಇದು, ಡ್ಯೂಟಿ ಮ್ಯಾಲ?" ಎಂದು ಗುಡುಗಿದರು.

"ಖರೇ ಹೇಳ್ತೀನ್ರಿ ಸಾಹೇಬ್ರ, ಬರೇ ನೀರ್ರಿ!"

ಬಾಟ್ಲಿ ಕಸಿದುಕೊಂಡು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ನೀರು ಭಾಳ ಹಾಕೀರಿ."

೩. ಲಾರಿಯ ಚೀಲ

ಮುಂದೆ ತಂದದ್ದು ಲಾರಿಯವರು ಮುಂಭಾಗಕ್ಕೆ ಕಟ್ಟಿಕೊಳ್ಳುವ ಕ್ಯಾನ್ವಾಸಿನ ನೀರಿನ ಚೀಲ. ಅದು ಸದಾ ಒಸರುತ್ತಿರುತ್ತದೆ, ಒಸರಿದಷ್ಟೂ ಒಳಗಿನ ನೀರು ತಣ್ಣಗಿರುತ್ತದೆ. ಹಗ್ಗ ಹಾಕಿ ಬೆನ್ನಿಗೆ ಬಿಗಿದುಕೊಂಡೆ. ಬೇಸಿಗೆಯ ಬಿಸಿಲಲ್ಲಿ ಬೆನ್ನೆಲ್ಲ ತಂಪು. ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಹಳ್ಳಿ ಮುಟ್ಟಿ ಇಳಿದಾಗಲೇ ಗೊತ್ತಾದದ್ದು, ಒಸರಿದ ನೀರು ಬೆನ್ನಿನಿಂದಿಳಿದು ಪ್ಯಾಂಟಿಗೆ ಎಂಥ ಪಾಡು ತಂದಿದೆ ಎಂದು. ಕಟ್ಟೆಯ ಮೇಲಿದ್ದ ಕುರಿ ಕಾಯುವ ಮುದುಕ ನನ್ನನ್ನು ಕೆಳಗಿಂದ ಮೇಲೆ ನೋಡಿದ. ನನ್ನ ಹರಳಿನ ಸುದ್ದಿ ಅಷ್ಟರಲ್ಲಿ ಊರಿಗೆಲ್ಲ ಗೊತ್ತಿತ್ತು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, "ಬಿತ್ತೇನ್ರಿ ಸಾಹೇಬ್ರ?" ಎಂದ.

೪. ರಬ್ಬರ್ ಚೀಲ

ಎರಡು ತಿಂಗಳು ಹೀಗೇ ಹೋದವು. ಹರಳು ಅಲುಗಲಿಲ್ಲ. ನನ್ನ ಹೆದರಿಕೆ ಕಂಡು ಹೆಂಡತಿಯೇ ದಾರಿ ಹುಡುಕಿದಳು. ಸೊಂಟನೋವಿಗೆ ಕಾವು ಕೊಡುವ ಬಿಸಿನೀರಿನ ರಬ್ಬರ್ ಚೀಲ ಮನೆಯಲ್ಲಿತ್ತು. ಹಳೆಯ ಸೀರೆಯಲ್ಲಿ ಅದಕ್ಕೊಂದು ಅಂಗಿ ಹೊಲಿದು ಎರಡು ಪಟ್ಟಿ ಹಚ್ಚಿದಳು. ಖಾನಾಪುರ ದವಾಖಾನೆಯ ಕಂಪೌಂಡರ್ ಹೊಸದೊಂದು ಸಲಾಯಿನ್ ಪೈಪು ಕೊಟ್ಟ. ಬಿರಡೆಗೆ ತೂತು ಕೊರೆದು ಪೈಪು ತೂರಿಸಿ, ಇನ್ನೊಂದು ತುದಿ ಬಾಯಲ್ಲಿಟ್ಟುಕೊಂಡು ಹೊರಟೆ. ಆಹಾ, ಎಂಥ ಸುಖ! ತುಳಿಯುತ್ತಲೇ ಹೀರುತ್ತಿದ್ದೆ.

ನಂದಗಡದಲ್ಲಿ ಮಂದಿ ನೆರೆದರು. "ಪಾಪ, ಸಲಾಯಿನ್ ಹಚಗೊಂಡ ಡ್ಯೂಟಿಗೆ ಬಂದಾರ!" ಒಬ್ಬಾಕೆ ಕಣ್ಣೊರೆಸಿಕೊಂಡಳು. ಅದು ಬರೀ ನೀರು ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೇಳಿದ್ದೇ ತಡ, ಜ್ವರದಿಂದ ಮಲಗಿದ್ದ ಅಜ್ಜಿಯೊಬ್ಬಳು ಎದ್ದು ಕೂತಳು.

"ನಮ್ಮೂರಿಗೆ ಬಂದು ನಿನ್ನ ನೀರು ನೀನ ಕುಡೀತಿ ಏನೋ ತಮ್ಮಾ? ನಮ್ಮ ಬಾವಿ ಬತ್ತೇತೇನು?"

"ಹಂಗಲ್ಲ ಯವ್ವಾ, ಡಾಕ್ಟರ್ ಹೇಳ್ಯಾರ..."

"ಮೊದಲ ಅದನ್ನ ಚೆಲ್ಲು. ಚೆಲ್ಲಿದ್ರ ಬೆರಳು ಕೊಡ್ತೀನಿ."

ಚೆಲ್ಲಿದೆ. ಇನ್ನೂ ಕಡೆಯದಿದ್ದ ಗಟ್ಟಿ ಕೆನೆಮೊಸರಿಗೆ ನೀರು ಬೆರೆಸಿ, ಉಪ್ಪು ಹಾಕಿ, ಸೊಸೆಯ ಕೈಯಿಂದ ಚೀಲದ ತುಂಬ ತುಂಬಿಸಿದಳು. ಆಮೇಲೆಯೇ ಬೆರಳು ಮುಂದೆ ಮಾಡಿದಳು. ಅಂಥ ಜಗಳಗಂಟಿ ಪ್ರೀತಿ ನನಗೆ ಮತ್ತೆಲ್ಲೂ ಸಿಗಲಿಲ್ಲ. ಈಗ ನೀರು ಕೇಳಿದರೆ ನೀರನ್ನಷ್ಟೇ ಕೊಡುತ್ತಾರೆ. ನನಗೆ ಕೆಡುಕೆನಿಸುತ್ತದೆ.

ಆಗಿನ ಆ ಹಾದಿಯಲ್ಲಿ ಗುಂಡಿಗಳ ನಡುವೆ ರಸ್ತೆಯನ್ನು ಹುಡುಕಬೇಕಿತ್ತು. ಮರಳುವಾಗ ಅರ್ಧ ದಾರಿಯಲ್ಲಿ ಪೈಪು ಹೀರಿದೆ. ಏನೂ ಬರಲಿಲ್ಲ. ಗಲ್ಲ ಒಳಗೆ ಹೋಗುವಂತೆ ಹೀರಿದೆ. ಊಹೂಂ. ಬಾಯಾರಿ ಮನೆ ಮುಟ್ಟಿದಾಗ ಹೆಂಡತಿ ಬಿರಡೆ ಬಿಚ್ಚಿ ಪಾತೆಲೆಗೆ ಬಗ್ಗಿಸಿದಳು. ಮೊದಲು ತೆಳ್ಳನೆಯ ಮಜ್ಜಿಗೆ ಬಂತು. ಚೀಲ ಹಿಚುಕಿದಾಗ ಪುಳಕ್ಕನೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಬಿತ್ತು.

ಮೂರು ತಿಂಗಳ ಗಡುವು ಮುಗಿದಾಗ ಬೆಳಗಾವಿಗೆ ಇಬ್ಬರೂ ಹೋದೆವು. ಅದು ಕಡೆಯ ಎಕ್ಸ್‌ರೇ. ಬಸ್ಸಿನಲ್ಲಿ ಅವಳು ನನ್ನ ಕೈ ಬಿಡಲಿಲ್ಲ. ಡಾಕ್ಟರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹರಳ ಇಲ್ಲಲ್ರಿ! ಏನು ಔಷಧ ತಗೊಂಡ್ರಿ?" ಎಂದರು. ನಾನು ಎದ್ದು ಆ ಹಾಳೆಯನ್ನು ಇಸಿದುಕೊಂಡು ನಾನೇ ಬೆಳಕಿಗೆ ಹಿಡಿದು ನೋಡಿದೆ.

ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಔಷಧ ಎಲ್ಲೀದ್ರಿ ಡಾಕ್ಟರ್ರ? ಮೊಸರಾಗಿನ ಬೆಣ್ಣಿ ತಗದ ಹಾದಿ, ಇವರ ಹೊಟ್ಯಾಗಿನ ಹರಳ ಬಿಟ್ಟೀತೇನ್ರಿ?"