ಬಾಲ್ ಜಾಯಿಂಟ್ ಬದಲಾಯಿಸಿದ ಭಾನುವಾರ

ರಸ್ತೆಯಲ್ಲಿ ಗುಂಡಿ ಸಿಕ್ಕಾಗಲೆಲ್ಲ ಲೈಬ್ರರಿಯನ್ನರ ಕಾರಿನ ಮುಂದಿನ ಎಡಚಕ್ರ 'ಟಕ್ ಟಕ್' ಎನ್ನುತ್ತಿತ್ತು. ಗ್ಯಾರೇಜಿನವನು ಬಗ್ಗಿ ನೋಡಿ, ಬಾಲ್ ಜಾಯಿಂಟ್ ಸವೆದಿದೆ, ಚಕ್ರ ಹಿಡಿದಿಡುವ ಕೀಲು ಅದು, ಬುಧವಾರ ತನ್ನಿ ಎಂದ. ಆದರೆ ಲೈಬ್ರರಿಯನ್ನರ ಮಾವ ಬರುವುದು ಭಾನುವಾರ ಐದರ ರೈಲಿಗೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಮಾವ, ಅಳಿಯ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದದ್ದನ್ನು ತಾನು ಕಂಡಿಲ್ಲ ಎಂದು ಬಂಧುಬಳಗಕ್ಕೆಲ್ಲ ಹೇಳಿಕೊಂಡು ಬಂದವರು. ಅದು ಲೈಬ್ರರಿಯನ್ನರನ್ನು ಒಳಗೇ ಕುಟುಕುತ್ತಿತ್ತು. ಬಸ್ಸಿನಲ್ಲಿ ಕರೆತಂದರಾಯಿತು ಎಂದ ಹೆಂಡತಿಯ ಮಾತು ಕೇಳದೆ, ಹೊಸ ಜಾಯಿಂಟನ್ನೂ ಒಂದು ರಿಪೇರಿ ಪುಸ್ತಕವನ್ನೂ ತಂದು, ಭಾನುವಾರ ಬೆಳಿಗ್ಗೆ ಕಾರಿನ ಮೂತಿಯನ್ನು ಜಾಕಿನ ಮೇಲೆತ್ತಿದರು.

ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಸ್ಟೂಲು ಸಮೇತ ಬಂದು ಕೂತರು. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಹೊಸ ಜಾಯಿಂಟನ್ನು ಡಬ್ಬಿಯಿಂದ ತೆಗೆದು, ಮಾವಿನಹಣ್ಣು ಆರಿಸುವವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೊಂದು ಅನುಮಾನ ಬಂತು.

"ಎಡ ಅಂದ್ರೆ ಒಳಗೆ ಕೂತವನ ಎಡವೋ, ಎದುರಿಗೆ ನಿಂತವನ ಎಡವೋ?"

ಡ್ರೈವರ್ ಕೂತವನದೇ ಎಂದರು. ಮೇಷ್ಟ್ರು ಪುಸ್ತಕದ ಚಿತ್ರ ತೋರಿಸಿ ನಿಂತವನದು ಎಂದರು. ಕಾರಿನಡಿ ಅಂಗಾತ ಮಲಗಿದ್ದ ಲೈಬ್ರರಿಯನ್ನರಿಗೆ ತಮ್ಮ ಎಡಗೈ ಯಾವುದೆಂಬುದೇ ಮರೆತಂತಾಯಿತು. ಕಡೆಗೆ ಸದ್ದು ಮಾಡುತ್ತಿದ್ದ ಚಕ್ರವನ್ನೇ ಬಿಚ್ಚಿದರು.

ನಟ್ಟು ಬಂತು, ಕೀಲು ಬರಲೊಲ್ಲದು. ಸುತ್ತಿಗೆಯಿಂದ ಬಡಿದೂ ಬಡಿದೂ ಕೈ ಸೋತಿತು. ಇದು ಈ ಜನ್ಮದಲ್ಲಿ ಬರುವುದಿಲ್ಲ ಎಂದು ಡ್ರೈವರ್ ಹೇಳುತ್ತಿರುವಾಗಲೇ ಅದು ತಾನಾಗಿ ಕಳಚಿ ಲೈಬ್ರರಿಯನ್ನರ ಎದೆಯ ಮೇಲೆ ಬಿತ್ತು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು. ಮಾವನ ಫೋನು: ಬೇಗ ಹೊರಡುವ ರೈಲು ಸಿಕ್ಕಿದೆ, ಮೂರಕ್ಕೇ ಬಂದುಬಿಡುತ್ತೇನೆ. ಆಮೇಲೆ ಯಾವ ಪ್ಲಾಟ್‌ಫಾರ್ಮು, ಯಾವ ಗೇಟು, ಕಾರು ಎಲ್ಲಿ ನಿಲ್ಲಿಸಬೇಕು ಎಂದು ಅರ್ಧ ಗಂಟೆ ಪಾಠ.

ಲೈಬ್ರರಿಯನ್ನರು ಹೊರಗೆ ಓಡಿ ಬಂದಾಗ ಇಬ್ಬರೂ ಊಟಕ್ಕೆ ಹೋಗಿದ್ದರು. ಹಾಸಿದ ಪೇಪರಿನ ಮೇಲೆ ಕರ್ರಗೆ ಜಿಡ್ಡುಜಿಡ್ಡಾದ ಒಂದು ಕೀಲು. ಡಬ್ಬಿಯೊಳಗೆ ಫಳಫಳ ಹೊಳೆಯುವ ಇನ್ನೊಂದು. ಹೊಳೆಯುವುದನ್ನು ಕೂರಿಸಿ, ಮೈಮೇಲೆ ದೇವರು ಬಂದವರಂತೆ ಬೋಲ್ಟು ಬಿಗಿದು, ಚಕ್ರ ಹಾಕಿ, ಮುಖ ತೊಳೆದು ಸ್ಟೇಷನ್ನಿಗೆ ಹೊರಟರು.

ಮೊದಲ ಗುಂಡಿಯಲ್ಲೇ 'ಟಕ್' ಎಂದಿತು. ಕಿವಿಯ ಭ್ರಮೆ ಇರಬೇಕು ಎಂದುಕೊಂಡರು. ಬರುವಾಗ ಮಾವ ಪಕ್ಕದಲ್ಲಿ ಕೂತಿದ್ದರು. 'ಟಕ್ ಟಕ್' ಎಂದಾಗಲೆಲ್ಲ ಅವರು ಅಳಿಯನ ಮುಖ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಗೇಟಿನ ಬಳಿ ಡ್ರೈವರ್ ಕಾಯುತ್ತಿದ್ದರು.

"ಆ ಹಳೇ ಜಾಯಿಂಟು ಕೊಡ್ತೀರಾ ಸಾರ್? ನನ್ನ ಸರ್ವೀಸಿನ ನೆನಪಿಗೆ ಷೋಕೇಸಲ್ಲಿಡೋಣ ಅಂತ ಸೀಮೆಎಣ್ಣೇಲಿ ತಿಕ್ಕಿ ಹೊಸದರ ಥರ ಮಾಡಿದ್ದೆ. ಕಳೆದುಹೋಗಬಾರದು ಅಂತ ಡಬ್ಬೀಲಿಟ್ಟಿದ್ದೆ."

ಲೈಬ್ರರಿಯನ್ನರು ಚಕ್ರದ ಕಡೆ ತಿರುಗಿದರು. "ಮತ್ತೆ ಹೊಸದು?"

ಅದಕ್ಕೆ ತಾವೇ ಕೈಯಾರೆ ಗ್ರೀಸು ಮೆತ್ತಿ ಪೇಪರಿನ ಮೇಲಿಟ್ಟಿದ್ದಾಗಿ ಮೇಷ್ಟ್ರು ಕಾಂಪೌಂಡಿನಾಚೆಯಿಂದ ಹೆಮ್ಮೆಯಿಂದ ಹೇಳಿದರು. ಎಲ್ಲರೂ ಪೇಪರು ಹಾಸಿದ್ದ ಕಡೆ ನೋಡಿದರು. ಪೇಪರೂ ಇರಲಿಲ್ಲ.

"ಆ ಕರೀ ಉಂಡೇನಾ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು. "ಅಪ್ಪ ಬರ್ತಾರಲ್ಲ, ಗಲೀಜು ಕಾಣಬಾರದು ಅಂತ ಗುಜರಿಯವನಿಗೆ ಕೊಟ್ಟೆ."

ಮಾವ ಪಂಚೆ ಎತ್ತಿ ಕಟ್ಟಿ ಚಕ್ರದ ಹಿಂದೆ ಬಗ್ಗಿದರು. ಸ್ಪ್ಯಾನರ್ ಹಾಕಿ ತಿರುಗಿಸಲು ನೋಡಿದರು, ಮುಖ ಕೆಂಪಾಗುವವರೆಗೂ ನೋಡಿದರು. ಆಮೇಲೆ ಎದ್ದುನಿಂತು, ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ಅಳಿಯನ ಬೆನ್ನು ತಟ್ಟಿದರು.

"ಬೋಲ್ಟು ಭೇಷಾಗಿ ಬಿಗಿದಿದ್ದೀರಿ ಅಳಿಯಂದಿರೇ. ಇನ್ನು ಯಾರಪ್ಪನ ಕೈಲೂ ಬಿಚ್ಚೋಕಾಗಲ್ಲ."