ಮೆರಿಟ್ ಪ್ರಕಾರ ಹಾಸಿಗೆ

ರಾಯಕೋಟೆ ರಸ್ತೆಯ ನಮ್ಮ ವ್ಯಸನಮುಕ್ತಿ ಕೇಂದ್ರದಲ್ಲಿ ಚಿಕಿತ್ಸೆ ಪಡೆದವರು ಯಾರೂ ಈವರೆಗೆ ವಿಫಲರಾಗಿಲ್ಲ. ವ್ಯಸನ ಬಿಡುವುದು ಔಷಧಿಗಿಂತ ಹೆಚ್ಚಾಗಿ ಮನಸ್ಸನ್ನು ಅವಲಂಬಿಸಿದೆ ಎಂದು ನಿರ್ದೇಶಕರಾದ ರಘೋತ್ತಮ ಅವರು ಎಲ್ಲೋ ಓದಿದ್ದರಿಂದ, ದಾಖಲಾಗುವ ಮೊದಲು ಮನೋಬಲ ಪರೀಕ್ಷೆಯನ್ನು ಕಡ್ಡಾಯಗೊಳಿಸಲಾಗಿದೆ. ಹಾಸಿಗೆಗಳು ಕಡಿಮೆ, ಆದ್ದರಿಂದ ಮೆರಿಟ್ ಪ್ರಕಾರ ಹಂಚಿಕೆ. ಮನೋಬಲವಿಲ್ಲದವರಿಗೆ, ಅದು ಬಂದ ಮೇಲೆ ಬರುವಂತೆ ಸೌಜನ್ಯದಿಂದ ತಿಳಿಸಲಾಗುತ್ತದೆ.

ಹೋದ ಆಷಾಢದಲ್ಲಿ ಉದ್ದನಪಲ್ಲಿಯ ಗಂಗರತ್ನಮ್ಮ ಮಗ ಅಂಬರೀಶನನ್ನು ಕರೆತಂದರು. ಹೊಸೂರಿನ ಕಾರ್ಖಾನೆಯ ನೈಟ್ ಶಿಫ್ಟಿನಲ್ಲಿ ನಿದ್ದೆ ಬಾರದಿರಲೆಂದು ಶುರುವಾದ ಮಾತ್ರೆ ಕೊನೆಗೆ ಶಿಫ್ಟನ್ನೇ ನುಂಗಿತ್ತು.

"ಇವತ್ತು ಬೆಳಿಗ್ಗೆ ಹೂಂ ಅಂದವ್ನೆ. ನಾಳೆ ಅಂತಾನೋ ಇಲ್ವೋ. ಬಿರ್ನೆ ಒಳಕ್ಕೆ ಸೇರಿಸ್ಕೊಳಿ ಸ್ವಾಮಿ."

"ಪರೀಕ್ಷೆ ಇದೆಯಮ್ಮ," ಎಂದರು ಆಪ್ತಸಮಾಲೋಚಕಿ ಮಾಧವಿ. ಕುಟುಂಬದ ಬೆಂಬಲವೂ ಒಂದು ಅಂಶವಾದ್ದರಿಂದ ತಾಯಿಗೂ ಅದೇ ಪ್ರಶ್ನೆಗಳು.

"ಬಿಡಬೇಕು ಅನ್ನೋ ಮನಸ್ಸಿದೆಯಾ?"

"ಐತೆ ಮೇಡಂ. ಸಾಯಂಕಾಲ ಆದ್ರೆ ಇರಾಕಿಲ್ಲ," ಎಂದ ಅಂಬರೀಶ.

ಪ್ರಾಮಾಣಿಕತೆಗೆ ನಮ್ಮಲ್ಲಿ ಅಂಕಗಳಿಲ್ಲ.

"ನಿಮಗೆ?"

"ನಂಗಾ? ಕೂತ್ರೂ ನಿಂತ್ರೂ ಅದೇ ಗ್ಯಾನ. ಬಿಡ್ಬೇಕು, ಬಿಡ್ಬೇಕು, ಅಷ್ಟೇಯ."

"ಕಷ್ಟ ತಡೆಯೋ ಶಕ್ತಿ?"

"ರಾಗಿ ಹೊಲಕ್ಕೆ ಆನೆ ನುಗ್ಗಿದ್ರೆ ತಗಡು ಬಡ್ಕೊಂಡು ಎದುರುಗಡೆ ನಿಲ್ಲೋಳು ನಾನು."

"ತಪ್ಪಿನ ಅರಿವು?"

"ಎಲ್ಲಾ ನಂದೇ ತೆಪ್ಪು. ಆ ಕೆಲ್ಸಕ್ಕೆ ಕಳ್ಸಿದ್ದೇ ನಾನು."

ಮಾಧವಿ ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ಒಳನೋಟವನ್ನು ಕೇಂದ್ರ ಕಂಡಿರಲಿಲ್ಲ. ಗಂಗರತ್ನಮ್ಮ ಪ್ರಥಮ ಸ್ಥಾನ ಪಡೆದರು, ಅಂಬರೀಶ ಫೇಲಾದ. ಹಾಸಿಗೆಯನ್ನು ಅರ್ಹರಿಗೆ ನೀಡಲಾಯಿತು.

"ನಾನು ಏನೂ ನುಂಗಾಕಿಲ್ವಲ್ಲ ಸ್ವಾಮಿ," ಎಂದರು ಗಂಗರತ್ನಮ್ಮ.

"ಮೊದಮೊದಲು ಎಲ್ಲರೂ ಹೀಗೇ ಅನ್ನೋದು," ಎಂದರು ರಘೋತ್ತಮ ಅವರು, ಬಹಳ ಮೃದುವಾಗಿ.

ಅಂಬರೀಶನೇ ಸಮಾಧಾನ ಹೇಳಿದ: "ಸೇರ್ಕೊಳವ್ವ. ಸೀಟ್ ಸಿಕ್ಕೋದೇ ಕಷ್ಟ ಅಂತಾವ್ರೆ. ನಾನು ಹೆಂಗೋ ಇರ್ತೀನಿ."

ಚಿಕಿತ್ಸೆ ಫಲಿಸಿತು. ಗಂಗರತ್ನಮ್ಮ ಹೊತ್ತಿಗೆ ಸರಿಯಾಗಿ ಉಂಡರು, ಆನೆಯ ಯೋಚನೆಯಿಲ್ಲದೆ ಮಲಗಿದರು, ಪ್ರಾಣಾಯಾಮ ಕಲಿತರು. ಪ್ರತಿ ಭಾನುವಾರ ಅಂಬರೀಶ ಎರಡು ಮಾತ್ರೆ ನುಂಗಿ, ಧೈರ್ಯ ತಂದುಕೊಂಡು, ಬಾಳೆಹಣ್ಣಿನೊಂದಿಗೆ ಬರುತ್ತಿದ್ದ. ರೋಗಿಯನ್ನು ಬೈಯಬಾರದು, ಹಳೆಯದನ್ನು ಕೆದಕಬಾರದು ಎಂದು ಅವನಿಗೆ ತರಬೇತಿ ನೀಡಲಾಯಿತು. ಅವನು ಎರಡನ್ನೂ ಮಾಡುತ್ತಿರಲಿಲ್ಲ. ಮಾದರಿ ಪೋಷಕ ಎಂದು ಶಾಲು ಹೊದಿಸಿದೆವು.

ಸುದ್ದಿ ಡೆಂಕಣಿಕೋಟೆವರೆಗೂ ಹೋಯಿತು. ಈಗ ಹಾಸಿಗೆಗಳಲ್ಲೆಲ್ಲ ತಾಯಂದಿರು, ಹೆಂಡತಿಯರು, ಒಬ್ಬರು ಸೋದರತ್ತೆ. ಗಂಡಸರು ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಾರೆ. ಒಳಗೆ ಎಷ್ಟು ಹುಡುಕಿದರೂ ಒಂದು ಮಾತ್ರೆಯೂ ಸಿಗುವುದಿಲ್ಲ.

ಗಂಗರತ್ನಮ್ಮ ಗುಣಮುಖರಾಗಿ ಮನೆಗೆ ಹೋದರು. ಆ ಸಂಜೆಯೇ ಅಂಬರೀಶ ಹಿತ್ತಲಲ್ಲಿ ಬಾಯಲ್ಲಿ ನೊರೆ ಬಿಟ್ಟುಕೊಂಡು ಬಿದ್ದಿದ್ದ. ತಾಯಿ ನೀರು ಚಿಮುಕಿಸಿ ಎಬ್ಬಿಸಿ ಕೂರಿಸಿ, ಬೆಳಗಾಗುವವರೆಗೂ ಅತ್ತರು. ಮೊದಲ ಬಸ್ಸಿಗೇ ಅವನು ತಾಯಿಯನ್ನು ಕರೆತಂದ.

"ಅವ್ವ ಮತ್ತೆ ಶುರು ಹಚ್ಕೊಂಡವ್ಳೆ ಸಾರ್."

"ಮರುಕಳಿಸೋದು ವೈಫಲ್ಯ ಅಲ್ಲ, ಗುಣವಾಗೋದರ ಒಂದು ಹಂತ," ಎಂದರು ರಘೋತ್ತಮ ಅವರು.

"ಇವ್ನುನ್ನೂ ಸೇರಿಸ್ಕೊಳಿ. ನೆಲದ ಮ್ಯಾಲೆ ಮಲೀಕ್ಕಂತಾನೆ. ಸತ್ತೋಗ್ತಾನೆ ಸ್ವಾಮಿ."

"ಇವರಿಗೆ ಮನೋಬಲ ಸಾಲದಲ್ಲಮ್ಮ," ಎಂದರು ಮಾಧವಿ, ಪೋಷಕರ ಸಹಿಗೆಂದು ಅಂಬರೀಶನಿಗೆ ಪೆನ್ನು ಕೊಡುತ್ತ.

ಅಂಬರೀಶನ ಕೈ ಗಡಗಡ ನಡುಗುತ್ತಿತ್ತು. ಹಿಂದಿನ ಸಂಜೆಯಿಂದ ಮಾತ್ರೆ ಬಿದ್ದಿರಲಿಲ್ಲ. ತಾಯಿಯ ಮೇಲೆ ಎಷ್ಟು ಪ್ರೀತಿ ಎಂದು ಮಾಧವಿ ಮೆಚ್ಚಿಕೊಂಡರು.

"ನೆಟ್ಟಗೆ ಹಿಡ್ಕೊ ಕಣ್ಲಾ," ಎಂದು ಗಂಗರತ್ನಮ್ಮ ಮಗನ ಮಣಿಕಟ್ಟನ್ನು ಹಿಡಿದುಕೊಂಡರು. ಸಹಿ ಚೆನ್ನಾಗಿ ಬಂತು. ಕುಟುಂಬದ ಬೆಂಬಲಕ್ಕೆ ಪೂರ್ಣ ಅಂಕ ನೀಡಲಾಯಿತು.