ಹಿತ್ತಾಳೆ ಫಲಕದ ಎರಡನೇ ಸಾಲು

ಗಡಿಯಾರ ರಿಪೇರಿಯವನು ತನ್ನ ಅಂಗಡಿಯ ಬಾಗಿಲಿಗೆ ಅಂಗೈಯಗಲದ ಹಿತ್ತಾಳೆ ಫಲಕ ಹೊಡೆಸಿದ್ದೇ ಎಲ್ಲಕ್ಕೂ ಮೂಲ. ‘ಯುದ್ಧವೀರರ ಮರಿಮಗನ ಅಂಗಡಿ’ ಎಂದು ಅದರ ಮೇಲೆ ಕೊರೆದಿತ್ತು. ಪಕ್ಕದಂಗಡಿಯ ದರ್ಜಿಗೆ ಹೊಟ್ಟೆಯೊಳಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಅಳತೆ ಕೊಡಲು ಬಂದವರೂ ಮೊದಲು ಅಲ್ಲಿ ನಿಂತು ಫಲಕ ಓದಿ, ಆಮೇಲೆ ಇಲ್ಲಿ ಬಂದು ಅದರದೇ ಮಾತಾಡುತ್ತಿದ್ದರು.

“ನಮ್ಮ ಮನೆತನದ ಹೆಸರೂ ಹಿತ್ತಾಳೆ ಮೇಲೆ ಬರೋವರೆಗೂ ನನಗೆ ಊಟ ಸೇರಲ್ಲ ಕಣೇ,” ಎಂದ ದರ್ಜಿ, ಹೆಂಡತಿಗೆ.

“ನಿಮ್ಮ ಮನೆತನದಲ್ಲಿ ವಿಶೇಷ ಅಂದ್ರೆ ಆ ಆರನೇ ಬೆರಳೊಂದೇ. ಸುಮ್ನೆ ಬಟ್ಟೆ ಹೊಲೀರಿ.”

“ಆ ಗಡಿಯಾರದವನ ವಂಶಾವಳಿಯ ಸಿಕ್ಕು ಬಿಡಿಸ್ತೀನಿ, ನೋಡ್ತಿರು. ಎಲ್ಲೋ ಒಂದು ಹರಕು ಇದ್ದೇ ಇರುತ್ತೆ!”

ಮುತ್ತಜ್ಜನಿಂದ ಇಳಿದುಬಂದ ಬೆರಳದು. ಎಡಗೈಯ ಆ ಪುಟಾಣಿ ಬೆರಳಿಗೆ ದರ್ಜಿ ಅಳತೆಪಟ್ಟಿ ನೇತುಹಾಕಿಕೊಳ್ಳುತ್ತಿದ್ದ. ಪಟ್ಟಿ ಹಾಗೇ ಓಲಾಡುತ್ತಿರಲು ಸ್ಮಶಾನಕ್ಕೆ ನಡೆದ. ಅಲ್ಲಿ ದೇವರು ಎಲ್ಲರನ್ನೂ ಒಂದೇ ಅಳತೆಯಲ್ಲಿ ಮಲಗಿಸಿದ್ದಾನೆ. ಅದನ್ನು ಕಾಣುವ ವ್ಯವಧಾನ ಇವನಿಗೆಲ್ಲಿ? ವೀರನ ಸಮಾಧಿಕಲ್ಲಿನ ಪಾಚಿ ಕೆರೆದು, ಸತ್ತ ವರ್ಷ ಬರೆದುಕೊಂಡು, ನೇರ ಪಿಂಚಣಿ ಕಚೇರಿಗೆ ಹೋದ. ಮುದಿ ಗುಮಾಸ್ತ ಕೆಮ್ಮುತ್ತಾ ಹಳೆಯ ದಫ್ತರ ಬಿಚ್ಚಿದ.

ವೀರ ಸತ್ತ ಮೇಲೂ ಹತ್ತೊಂಬತ್ತು ವರ್ಷ ಪಿಂಚಣಿ ಸಂದಿತ್ತು! ಪ್ರತಿವರ್ಷವೂ ‘ಖುದ್ದು ಹಾಜರು, ಬದುಕಿದ್ದಾನೆ’ ಎಂಬ ಷರಾ, ಕೆಳಗೊಂದು ಹೆಬ್ಬೆಟ್ಟು.

ಮುಂದೆ ಓದುವಷ್ಟು ತಾಳ್ಮೆ ಆ ಸಂತೋಷಕ್ಕಿರಲಿಲ್ಲ. ದರ್ಜಿ ಓಡಿಬಂದು ಗಡಿಯಾರದವನನ್ನು ರಟ್ಟೆ ಹಿಡಿದು ಎಬ್ಬಿಸಿ, ಬೀದಿಯವರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಮತ್ತೆ ಕಚೇರಿಗೆ ನುಗ್ಗಿದ.

“ಕೇಳ್ರಪ್ಪಾ! ಸತ್ತವನ ಹೆಸರಲ್ಲಿ ಹತ್ತೊಂಬತ್ತು ವರ್ಷ ಉಂಡ ಮನೆತನ ಇದು! ಓದಿ ಸ್ವಾಮಿ, ಜೋರಾಗಿ ಓದಿ!”

ಗುಮಾಸ್ತ ಕನ್ನಡಕ ಒರೆಸಿಕೊಂಡ. “ಗುರುತು: ಬಲಗೆನ್ನೆಯಲ್ಲಿ ಗುಂಡಿನ ಗಾಯ...”

“ನಮ್ಮ ಮುತ್ತಜ್ಜನೇ. ಫೋಟೋದಲ್ಲೂ ಇದೆ,” ಎಂದ ಗಡಿಯಾರದವನು, ತಲೆ ತಗ್ಗಿಸಿ.

“ತಡೀರಿ. ಸತ್ತ ವರ್ಷದಿಂದಾಚೆಗೆ ಗುರುತು ತಿದ್ದಿದೆ. ‘ಗಾಯ ಪೂರ್ತಿ ಮಾಸಿದೆ. ಎಡಗೈಯಲ್ಲಿ ಹೊಸದಾಗಿ ಆರನೇ ಬೆರಳು ಮೂಡಿದೆ. ಈಗಿನ ಕಸುಬು, ಹೊಲಿಗೆ.’”

ಎಲ್ಲರ ಕಣ್ಣೂ ದರ್ಜಿಯ ಎಡಗೈಗೆ ಇಳಿದವು. ಅವನು ಕೈಯನ್ನು ಸರಕ್ಕನೆ ಜೇಬಿಗೆ ತುರುಕಿದ. ಅಳತೆಪಟ್ಟಿಯ ಬಾಲ ಮಾತ್ರ ಹೊರಗೇ ಉಳಿದು ಲೋಲಕದಂತೆ ತೂಗತೊಡಗಿತು.

ಗಡಿಯಾರದವನು ರೇಗಿದ್ದರೆ ದರ್ಜಿ ಬದುಕಿಕೊಳ್ಳುತ್ತಿದ್ದ. ಆದರೆ ಗಡಿಯಾರದವನು ಕಣ್ಣೊರೆಸಿಕೊಂಡು ಕೈಮುಗಿದ. “ನಮ್ಮ ಮುತ್ತಜ್ಜ ಇದ್ದಾಗ ನಾಡು ಕಾದ, ಹೋದ ಮೇಲೆ ಪಕ್ಕದ ಮನೆಯವರ ಹೊಟ್ಟೆ ಕಾದ. ಇಂಥ ಪುಣ್ಯ ಇನ್ಯಾರಿಗಿದೆಯಪ್ಪಾ!”

ಹೊತ್ತು ಮುಳುಗುವುದರೊಳಗೆ ಫಲಕಕ್ಕೆ ಇನ್ನೊಂದು ಸಾಲು ಸೇರಿತು: ‘ಆ ವೀರರು ಮರಣಾನಂತರವೂ ಪಕ್ಕದ ದರ್ಜಿ ಮನೆತನವನ್ನು ಹತ್ತೊಂಬತ್ತು ವರ್ಷ ಸಾಕಿದರು.’

ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತು ಅದನ್ನು ನಿಧಾನವಾಗಿ ಓದಿದಳು. ಆಮೇಲೆ ಒಳಗೆ ಹೋಗಿ ತಟ್ಟೆ ಇಟ್ಟಳು.

“ಏಳಿ, ಊಟ ಮಾಡಿ. ಹಿತ್ತಾಳೆ ಮೇಲೆ ಹೆಸರು ಬಂತಲ್ಲ.”